ಮರಳು ದಿಬ್ಬದ ಕಾಶ್ಯಪ ಗೋತ್ರದವರು

ನಮ್ಮ ಅಜ್ಜಿಗೆ ಆದಿಮಾನವನ ಪರಿಚಯ ಮಾಡಿಸಿದವಳು ನಾನೇ. ಆಮೇಲೆ ಆದದ್ದಕ್ಕೆಲ್ಲ ಅವಳನ್ನು ದೂರುವ ಅಧಿಕಾರ ನನಗಿಲ್ಲ. ಆದರೂ ಬಹಳ ದಿನ ದೂರಿದೆ, ಬಾಯಿ ನೋಯುವಷ್ಟು ದೂರಿದೆ.

ಅರವತ್ತರ ದಶಕದ ಮೊದಲ ಭಾಗ. ಅಪ್ಪ ವಿಮಾ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್. ಧಾರವಾಡದಿಂದ ಪುಣೆ, ಪುಣೆಯಿಂದ ಅಹಮದಾಬಾದ್ ಎಂದು ವರ್ಗವಾಗುತ್ತ ಬಂದು ಮಣಿನಗರದಲ್ಲಿ, ರೈಲಿನ ಸೀಟಿಗೆ ಪಾತ್ರೆಗಳು ಅಲುಗುವಷ್ಟು ಸ್ಟೇಷನ್ನಿನ ಹತ್ತಿರ, ಎರಡು ಖೋಲಿಯ ಮನೆ ಹಿಡಿದಿದ್ದ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ. ನಾನು ವಡೋದರಾದ ಹಾಸ್ಟೆಲಿನಲ್ಲಿದ್ದುಕೊಂಡು ಪುರಾತತ್ವದಲ್ಲಿ ಎಂ.ಎ. ಓದುತ್ತಿದ್ದೆ. ಮಗಳು ಏನು ಓದುತ್ತಾಳೆಂದು ಯಾರಾದರೂ ಕೇಳಿದರೆ ಅವ್ವ ‘ಇತಿಹಾಸ’ ಎಂದು ಹೇಳಿ ಮಾತು ಮುಗಿಸುತ್ತಿದ್ದಳು. ಮಣ್ಣು ಕೆದಕಿ ಸತ್ತವರ ಎಲುಬು ತೆಗೆಯುವುದೂ ಒಂದು ಓದು ಎಂದು ಅಕ್ಕಪಕ್ಕದವರಿಗೆ ವಿವರಿಸುವ ಧೈರ್ಯ ಅವಳಿಗಿರಲಿಲ್ಲ.

ಎಂ.ಎ. ಮುಗಿಯಲು ಇನ್ನು ನಾಲ್ಕು ತಿಂಗಳಿತ್ತು. ಮುಗಿದ ಮೇಲೆ ಏನು ಎಂಬುದರಲ್ಲಿ ನನ್ನೊಬ್ಬಳನ್ನು ಬಿಟ್ಟರೆ ಯಾರಿಗೂ ಅನುಮಾನವಿರಲಿಲ್ಲ. ಬೆಳಗಾವಿ ಕಡೆಯ ಒಂದು ಜಾತಕ ಕೂಡಿಬಂದಿತ್ತು. ನನಗೋ ಅಗೆಯುವ ಹುಚ್ಚು. ಆ ವರ್ಷ ನಮ್ಮ ವಿಭಾಗದಲ್ಲಿ ಸಂಶೋಧನೆಗೆ ಇದ್ದದ್ದು ಒಂದೇ ಜಾಗ, ಅದರ ಮೇಲೆ ಕಣ್ಣಿಟ್ಟವರು ಇಬ್ಬರು: ನಾನು ಮತ್ತು ನನ್ನ ತರಗತಿಯ ಒಬ್ಬ ಹುಡುಗ. ಆ ಜಾಗ ಸಿಕ್ಕರೆ ಇನ್ನಷ್ಟು ವರ್ಷ ಅಗೆತ, ಸಿಗದಿದ್ದರೆ ಬೆಳಗಾವಿ. ಅಪ್ಪನಿಗೆ ನನ್ನ ಮೇಲೆ ಕರುಣೆಯಿತ್ತು. ಆದರೆ ನಮ್ಮ ಮನೆಯ ಹೈಕೋರ್ಟು ಅಜ್ಜಿ. ಹೆಣ್ಣುಮಕ್ಕಳು ಸ್ಮಶಾನ ಕೆದರುವ ಕೆಲಸ ಯಾವ ಸೀಮೆಯದು ಎಂದು ಅವಳು ಆಗಲೇ ಒಂದು ತೀರ್ಪು ಕೊಟ್ಟು ಕುಳಿತಿದ್ದಳು.

ಆ ತೀರ್ಪನ್ನು ತಿರುಗಿಸಲೆಂದೇ ಡಿಸೆಂಬರಿನ ಒಂದು ರವಿವಾರ ಅಜ್ಜಿಯ ಎದುರು ಕೂತು ಭಾಷಣ ಬಿಗಿದೆ. ಮೆಹಸಾಣಾದಿಂದ ಆಚೆ ಮರಳಿನ ದಿಬ್ಬಗಳಿವೆ. ಅವುಗಳಲ್ಲೊಂದರಲ್ಲಿ ನಾವು ಅಗೆಯುತ್ತಿದ್ದೇವೆ. ಆಳೆತ್ತರ ಇಳಿದ ಮೇಲೆ ಒಂದು ಅಸ್ಥಿಪಂಜರ ಸಿಕ್ಕಿದೆ. ಮೊಣಕಾಲು ಮಡಚಿ, ಮಗು ಮಲಗಿದ ಹಾಗೆ ಮಲಗಿಸಿದ್ದಾರೆ. ಸಾವಿರಾರು ವರ್ಷ ಹಿಂದಿನದು. ಆಗ ಬೇಸಾಯವಿಲ್ಲ, ಬಿತ್ತನೆಯಿಲ್ಲ, ಉಗುರಿನಷ್ಟು ಸಣ್ಣ ಕಲ್ಲಿನ ಅಲಗುಗಳಿಂದ ಬೇಟೆಯಾಡಿ ತಿನ್ನುತ್ತಿದ್ದರು. ಹೇಳುತ್ತ ಹೇಳುತ್ತ ನನಗೇ ಹುರುಪೇರಿ, ಪುಸ್ತಕ ಒಪ್ಪುವುದಕ್ಕಿಂತ ಎರಡು ಹೆಜ್ಜೆ ಮುಂದೆ ಹೋಗಿ, ಇವನು ನಮ್ಮೆಲ್ಲರ ಮುತ್ತಜ್ಜ ಎಂದುಬಿಟ್ಟೆ. ಇನ್ನೂ ಹಿಂದೆ ಹೋದರೆ ಮಂಗಗಳ ವಂಶ ಎಂದೂ ಸೇರಿಸಿದೆ.

ಮಂಗನ ಮಾತಿಗೆ ಅಜ್ಜಿ ಸಿಟ್ಟಾಗುತ್ತಾಳೆಂದು ನಾನು ಸಜ್ಜಾಗಿದ್ದೆ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ದಿನಾ ಬೆಳಗ್ಗೆ ಮಾರುತಿಗೆ ಕೈ ಮುಗಿಯುವವಳಿಗೆ ಅದರಲ್ಲಿ ಬೇಜಾರಾಗುವಂಥದ್ದೇನೂ ಕಾಣಲಿಲ್ಲವೇನೋ. ಅವಳ ಚಿಂತೆ ಬೇರೆಯೇ ಇತ್ತು.

“ಮುತ್ತಜ್ಜ ಅಂತೀ. ಹಂಗಾರ ಇಷ್ಟ ಸಾವಿರ ವರ್ಷ ಅವಗ ಯಾರೂ ನೀರು ಬಿಟ್ಟಿಲ್ಲೇನ?”

ನಾನು ನಕ್ಕೆ. ಎಂ.ಎ. ಓದುವವರ ನಗು ಒಂದಿರುತ್ತದಲ್ಲ, ಅದು. ಅಜ್ಜಿ ನಗಲಿಲ್ಲ. ಆ ದಿಬ್ಬವನ್ನು ತಾನೇ ಬಂದು ನೋಡುವುದಾಗಿಯೂ, ನೋಡಿದ ಮೇಲೆ ನನ್ನ ವಿಷಯ ಹೇಳುವುದಾಗಿಯೂ ಸಾರಿದಳು.

ಬಂದದ್ದು ಸಂಕ್ರಾಂತಿಯ ದಿನ, ಅಪ್ಪ ಅವ್ವನನ್ನೂ ಹೊರಡಿಸಿಕೊಂಡು. ಅಪ್ಪನಿಗೆ ಆ ದಿನ ರಜೆ. ಗುಜರಾತಿನಲ್ಲಿ ಆ ದಿನ ನೆಲದ ಮೇಲೆ ಯಾರೂ ಇರುವುದಿಲ್ಲ, ಊರಿಗೆ ಊರೇ ಮಾಳಿಗೆ ಹತ್ತಿ ಗಾಳಿಪಟದ ಹಿಂದೆ ಬಿದ್ದಿರುತ್ತದೆ. ನಮ್ಮ ಅಗೆತಕ್ಕೂ ಅಂದು ರಜೆ. ಕೂಲಿಯವರೆಲ್ಲ ಊರೊಳಗೆ ಪಟ ಹಾರಿಸುತ್ತಿದ್ದರು. ನಸುಕಿನ ರೈಲು ಹಿಡಿದು ಮೆಹಸಾಣಾ, ಅಲ್ಲಿಂದ ಬಸ್ಸು, ಕೊನೆಯ ಎರಡು ಮೈಲಿ ಒಂಟೆಗಾಡಿ. ನಾನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಒಂಟೆಯನ್ನು ಅಜ್ಜಿ ಮೇಲಿನಿಂದ ಕೆಳಗೆ ಒಂದು ಸಲ ನೋಡಿ, ಸೆರಗು ಬಿಗಿದು, ಗಾಡಿ ಹತ್ತಿ ಕೂತಳು. ದಾರಿಯುದ್ದಕ್ಕೂ ಒಂಟೆಯ ಬೆನ್ನಿಗೆ ಮುಖ ಮಾಡದೆ ನನ್ನ ಮುಖವನ್ನೇ ನೋಡುತ್ತ ಬಂದಳು. ಬಿಸಿಲಿಗೆ ಎಷ್ಟು ಕಪ್ಪಾಗಿದ್ದೇನೆಂದು ಅಳೆಯುತ್ತಿದ್ದಳೆಂದು ಆಮೇಲೆ ಅವ್ವ ಹೇಳಿದಳು.

ದಿಬ್ಬ ತಲುಪಿದಾಗ ಅಜ್ಜಿಯ ಮೊದಲ ಪ್ರಶ್ನೆ, ಗವಿ ಎಲ್ಲಿ ಎಂಬುದು. ಗವಿಯ ಮಾತು ನಾನು ಎತ್ತಿಯೇ ಇರಲಿಲ್ಲ. ಆದಿಕಾಲದ ಮನುಷ್ಯನೆಂದರೆ ಗವಿಯಲ್ಲೇ ಇರಬೇಕೆಂದು ಅವಳೇ ತೀರ್ಮಾನಿಸಿ ಅಪ್ಪನ ಟಾರ್ಚಿಗೆ ಹೊಸ ಸೆಲ್ಲು ಹಾಕಿಸಿ ತಂದಿದ್ದಳು. ಸುತ್ತ ನೋಡಿದರೆ ಬೋಳು ಮರಳು, ನಾಲ್ಕು ಡೇರೆ, ಒಂದು ಬೇವಿನ ಮರ, ಹಳ್ಳಿಯ ಕೆರೆ. ಮನುಷ್ಯನ ಮೂಲ ಹುಡುಕಲು ಬಂದವರಿಗೆ ಇಷ್ಟು ಸಪ್ಪೆಯ ಜಾಗ ತೋರಿಸುವುದಕ್ಕೆ ನನಗೂ ಒಳಗೊಳಗೇ ನಾಚಿಕೆಯಾಯಿತು. ಅಜ್ಜಿ ಟಾರ್ಚನ್ನು ಚೀಲಕ್ಕೆ ಹಾಕಿದಳು.

ಅಗೆತ ನಡೆಸುತ್ತಿದ್ದ ನಮ್ಮ ಸರ್ ಡೇರೆಯಿಂದ ಹೊರಬಂದು ಕೈ ಮುಗಿದರು. ಅವರು ಸೂರತ್ತಿನವರು, ಬಡಕಲು ಮೈ, ಕೈಯಲ್ಲಿ ಸದಾ ಚಹಾದ ಬಟ್ಟಲು. ಅವರ ಒಂದು ಹಟವನ್ನು ಇಲ್ಲಿ ಹೇಳಲೇಬೇಕು. ಟ್ರೆಂಚ್ ಎಂದು ನಾವು ಕರೆಯುವ ಆ ಅಗೆದ ಗುಂಡಿಯಲ್ಲಿ ಏನೇ ಸಿಗಲಿ, ರಿಜಿಸ್ಟರಿಗೆ ಏರಬೇಕು. ಬೇಕಾದದ್ದು ಬೇಡವಾದದ್ದು ಎಂಬ ಭೇದವಿಲ್ಲ. ಒಮ್ಮೆ ಕೂಲಿಯವನೊಬ್ಬ ಎಸೆದ ಬೀಡಿಯ ತುಂಡನ್ನು ನಾನು ತೆಗೆದು ಆಚೆ ಬಿಸಾಕಿದ್ದಕ್ಕೆ, ಅದನ್ನು ಹುಡುಕಿಸಿ ತರಿಸಿ, ‘ಬೀಡಿ, ಒಂದು, ಇಂದಿನದು’ ಎಂದು ನನ್ನ ಕೈಯಲ್ಲೇ ಬರೆಸಿದ್ದರು. ಪ್ರತಿ ಸಂಜೆ ಆ ಪುಸ್ತಕ ಓದಿ ಪುಟದ ಕೆಳಗೆ ಸಹಿ ಹಾಕುತ್ತಿದ್ದರು.

ಅಜ್ಜಿಯನ್ನು ಟ್ರೆಂಚಿನ ಅಂಚಿನಲ್ಲಿ ಗೋಣಿಚೀಲ ಹಾಸಿ ಕೂರಿಸಿದೆವು. ಕೆಳಗೆ ಆ ಎಲುಬುಗಳು, ಅರ್ಧ ಇನ್ನೂ ಮರಳಿನಲ್ಲಿ. ನಾನು ಕೋಲು ಹಿಡಿದು ತಲೆಬುರುಡೆ, ಪಕ್ಕೆಲುಬು, ಎದೆಯ ಹತ್ತಿರ ತಂದಿಟ್ಟ ಬಲಗೈ ಎಂದು ಒಂದೊಂದಾಗಿ ತೋರಿಸುತ್ತ ಹೋದೆ. ಅಜ್ಜಿ ಅಂಚಿನಿಂದ ಬಗ್ಗಿ ನೋಡಿದಳು. ಆಮೇಲೆ ಕೇಳಿದ್ದು ಒಂದೇ: ಸತ್ತವನು ತಾನೇ ಮೊಣಕಾಲು ಮಡಚಿಕೊಳ್ಳುತ್ತಾನೆಯೇ? ಇಲ್ಲ, ಜೊತೆಗಿದ್ದವರು ಮಡಚಿ ಮಲಗಿಸಿರಬೇಕು ಎಂದೆ.

“ಹಂಗಾರ ಅವಗೂ ಮಂದಿ ಇದ್ದರು,” ಎಂದಳು.

ಅಷ್ಟರಲ್ಲಿ ಸರ್ ಊಟಕ್ಕೆ ಕರೆದರು. ಹಬ್ಬಕ್ಕೆಂದು ಸೂರತ್ತಿನ ಅವರ ಮನೆಯಿಂದ ಊಂಧಿಯು ಬಂದಿತ್ತು; ಅವರೆ, ಗೆಣಸು, ಬದನೆಕಾಯಿ, ಮೆಂತ್ಯದ ಉಂಡೆಗಳೆಲ್ಲ ಎಣ್ಣೆಯಲ್ಲಿ ಮುಳುಗಿ ಘಮಘಮಿಸುತ್ತಿದ್ದವು. ಅಜ್ಜಿ ಪರರ ಮನೆಯದನ್ನು ಮುಟ್ಟುವವಳಲ್ಲ. ಮೇಲಾಗಿ ಸಂಕ್ರಮಣವಾದ್ದರಿಂದ ಅಪ್ಪ ಹಿರಿಯರಿಗೆ ತರ್ಪಣ ಕೊಡುವುದಿತ್ತು. ನಸುಕಿನ ಗಡಿಬಿಡಿಯಲ್ಲಿ ಮನೆಯಲ್ಲಿ ಆಗಿರಲಿಲ್ಲ. ಅಜ್ಜಿ ದರ್ಭೆ, ಎಳ್ಳು, ತಂಬಿಗೆ ಎಲ್ಲ ಚೀಲದಲ್ಲಿ ಹಾಕಿಕೊಂಡೇ ಬಂದಿದ್ದಳು. ಕೆರೆ ಇಲ್ಲೇ ಇದೆ, ಮುಗಿಸಿ ಬರುತ್ತೇವೆ ಎಂದು ತಾಯಿ ಮಗ ಅತ್ತ ಹೋದರು. ನಾನೂ ಅವ್ವನೂ ಡೇರೆಯೊಳಗೆ ಊಂಧಿಯುವಿನ ಮುಂದೆ ಕೂತೆವು. ಎರಡು ಸಲ ಬಡಿಸಿಕೊಂಡೆ. ಮೂರನೆಯ ಸಲಕ್ಕೆ ಅವ್ವ ಕಣ್ಣು ಬಿಟ್ಟಳು.

ಹೊರಗೆ ಬಂದಾಗ ಅಪ್ಪ ಒದ್ದೆ ಪಂಚೆಯಲ್ಲಿ ನಿಂತಿದ್ದ. ಅಜ್ಜಿಯ ಮುಖದಲ್ಲಿ ಏನೋ ದೊಡ್ಡ ಕೆಲಸ ಮುಗಿಸಿದ ಸಮಾಧಾನವಿತ್ತು. ಬೇವಿನ ಮರದ ಕೆಳಗೆ ಅವರಿಬ್ಬರೂ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತಿಂದರು. ಡೇರೆಯಲ್ಲಿದ್ದವರಿಗೆಲ್ಲ ಅಜ್ಜಿ ಕುಸುರೆಳ್ಳು ಹಂಚಿದಳು. ಸರ್ ಅದನ್ನು ಬಾಯಿಗೆ ಹಾಕಿಕೊಂಡು, ಸಕ್ಕರೆಗೆ ಇಷ್ಟು ಮುಳ್ಳು ಬರಿಸುವುದು ಹೇಗೆಂದು ಕೇಳಿದರು. ನನ್ನ ಭವಿಷ್ಯದ ತೀರ್ಪನ್ನು ಮಾತ್ರ ಅಜ್ಜಿ ಕಾದಿರಿಸಿದಳು. ಒಂಟೆಗಾಡಿ ಹತ್ತುವಾಗ ನೋಡೋಣ ಎಂದಳು, ಅಷ್ಟೇ.

ಒಂಬತ್ತು ದಿನ ಕಳೆದವು. ಸರ್ ಪರೀಕ್ಷೆಯ ಕೆಲಸಕ್ಕೆಂದು ವಡೋದರಾಕ್ಕೆ ಹೋಗಿದ್ದರು. ಅಸ್ಥಿಪಂಜರದ ಬಲಗೈ ಮತ್ತು ಪಕ್ಕೆಲುಬಿನ ನಡುವಿನ ಮರಳು ತೆಗೆಯುವ ಕೆಲಸ ನನ್ನದು. ಹೊಟ್ಟೆಯ ಮೇಲೆ ಮಲಗಿ, ಬ್ರಶ್ಶಿನಿಂದ ಚಿಟಿಕೆ ಚಿಟಿಕೆ ಮರಳು ಸರಿಸಿ ಜರಡಿಗೆ ಹಾಕುತ್ತಿದ್ದೆ. ಎರಡು ಬೆರಳಿನಷ್ಟು ಇಳಿದಿದ್ದೆನೇನೋ. ಜರಡಿಯಲ್ಲಿ ಒಂದು ಕಪ್ಪು ಕಾಳು ಉಳಿಯಿತು. ಆಮೇಲೆ ಇನ್ನೊಂದು. ಸಂಜೆಯ ಹೊತ್ತಿಗೆ ಇಪ್ಪತ್ತಮೂರು.

ಭೂತಗನ್ನಡಿಯಲ್ಲಿ ಇಟ್ಟು ನೋಡಿದೆ. ಎಳ್ಳು. ಸಂಶಯವೇ ಇಲ್ಲ. ಸುಟ್ಟು ಕರಿಕಾದ್ದರಿಂದಲೇ ಕೊಳೆಯದೆ ಇಷ್ಟು ಕಾಲ ಉಳಿದುಕೊಂಡ ಎಳ್ಳು!

ಬಿತ್ತನೆಯೇ ಗೊತ್ತಿರದ ಕಾಲದ ಮನುಷ್ಯನ ಕೈ ಹತ್ತಿರ ಒಂದು ಹಿಡಿ ಎಳ್ಳು ಎಂದರೆ ಪುಸ್ತಕಗಳನ್ನೇ ತಿದ್ದಬೇಕಾಗುತ್ತದೆ. ತಿದ್ದಿಸಿದವಳು ನಾನು. ಸಂಶೋಧನೆಯ ಜಾಗ ಇನ್ನಾರಿಗೆ ಕೊಡುತ್ತಾರೆ? ನನ್ನ ಪ್ರತಿಸ್ಪರ್ಧಿ ಹುಡುಗ ಕನ್ನಡಿಯಲ್ಲಿ ಬಗ್ಗಿ ನೋಡಿ, ಮುಖ ಸಣ್ಣದು ಮಾಡಿಕೊಂಡು, ಅಭಿನಂದನೆ ಎಂದ. ಆ ಸಣ್ಣ ಮುಖ ನನಗೆ ಎಷ್ಟು ಹಿತವಾಯಿತೆಂದರೆ ಈಗ ನೆನೆದರೆ ನಾಚಿಕೆಯಾಗುತ್ತದೆ.

ನಾನು ಅಷ್ಟೇನೂ ದಡ್ಡಿಯಲ್ಲ, ಅನುಮಾನ ಬಂದಿತ್ತು. ಹತ್ತು ದಿನದ ಹಿಂದೆ ಇದೇ ದಿಬ್ಬದಲ್ಲಿ ಎಳ್ಳಿನ ಹಬ್ಬವಾಗಿತ್ತಲ್ಲ. ಆದರೆ ಅಜ್ಜಿಯ ರೊಟ್ಟಿಗೆ ಹಚ್ಚಿದ್ದೂ ಬಿಳಿ ಎಳ್ಳು, ಕುಸುರೆಳ್ಳಿನ ಒಳಗಿದ್ದದ್ದೂ ಬಿಳಿ ಎಳ್ಳು, ತಿಂದದ್ದು ದೂರದ ಬೇವಿನ ಮರದ ಕೆಳಗೆ. ತರ್ಪಣವಾದದ್ದು ಕೆರೆಯ ದಂಡೆಯಲ್ಲಿ. ಅಲ್ಲಿಗೆ ಅನುಮಾನದ ಬಾಯಿ ಮುಚ್ಚಿಸಿದೆ. ಕಾಳು ಸಿಕ್ಕ ಜಾಗದಲ್ಲೇ ಒಂದು ಇಲಿಯ ಬಿಲವಿತ್ತು, ಮೇಲಿನದು ಕೆಳಗಿಳಿಯಲು ಅಷ್ಟು ದಾರಿ ಸಾಕು. ಅದನ್ನೂ ನಕ್ಷೆಯಲ್ಲಿ ಬರೆದೆ, ಆದರೆ ಪೆನ್ಸಿಲ್ಲನ್ನು ಒತ್ತದೆ, ಹುಡುಕಿದವರಿಗೆ ಮಾತ್ರ ಕಾಣುವಂತೆ. ಸರ್‌ಗೆ ಕಾಗದ ಹಾಕಿದೆ. ಮೂರನೆಯ ದಿನ ಅವರ ತಂತಿ ಬಂತು: ಏನೂ ಮುಟ್ಟಬೇಡಿ, ಶನಿವಾರ ಬರುತ್ತೇನೆ.

ಶನಿವಾರದ ತನಕ ಬಾಯಿ ಮುಚ್ಚಿಕೊಂಡಿರುವುದು ನನ್ನಿಂದ ಆಗದ ಕೆಲಸ. ಒಂದು ದಿನದ ಬಿಡುವು ಕೇಳಿ ಗುರುವಾರ ಮಣಿನಗರಕ್ಕೆ ಓಡಿದೆ. ಅಜ್ಜಿ ಬಾಗಿಲ ಹತ್ತಿರ ಬಿಸಿಲಿಗೆ ಬೆನ್ನು ಕೊಟ್ಟು ಹೂಬತ್ತಿ ಹೊಸೆಯುತ್ತಿದ್ದಳು. ಅಪ್ಪ ಕಚೇರಿಗೆ ಹೊರಡಲು ಕೋಟು ಹಾಕಿಕೊಳ್ಳುತ್ತಿದ್ದ. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ. ಇನ್ನು ಬೆಳಗಾವಿಯವರು ಬೇರೆ ಕಡೆ ನೋಡಿಕೊಳ್ಳಲಿ, ಮುತ್ತಜ್ಜನ ಹತ್ತಿರ ಎಳ್ಳು ಸಿಕ್ಕಿದೆ, ಇಡೀ ದೇಶದಲ್ಲಿ ಇಂಥದ್ದು ಯಾರಿಗೂ ಸಿಕ್ಕಿಲ್ಲ ಎಂದೆ. ಅಜ್ಜಿಯ ಕೈ ನಿಂತಿತು.

“ಕರಿ ಎಳ್ಳೋ, ಬಿಳಿ ಎಳ್ಳೋ?”

“ಕರಿ ಎಳ್ಳು.”

“ಬಲಗೈ ಬಾಜೂಕ?”

ಕೈಯ ವಿಷಯ ನಾನು ಹೇಳಿಯೇ ಇರಲಿಲ್ಲ. ಅಜ್ಜಿ ಬತ್ತಿಯ ತಟ್ಟೆ ಬದಿಗಿಟ್ಟು, ಕೋಟಿಗೆ ಒಂದು ತೋಳು ಹಾಕಿ ನಿಂತಿದ್ದ ಅಪ್ಪನ ಕಡೆ ತಿರುಗಿದಳು. ಅಷ್ಟು ಅರಳಿದ ಮುಖವನ್ನು ನಾನು ಅವಳಲ್ಲಿ ನೋಡಿದ್ದೇ ಕಡಿಮೆ.

“ತಮ್ಮಾ, ಮುಟ್ಟೇದ ನೋಡೋ ಅವಗ.”

ನಿಂತಲ್ಲೇ ಕೂತುಬಿಟ್ಟೆ. ಅಪ್ಪ ನನ್ನ ಕಣ್ಣು ತಪ್ಪಿಸುತ್ತ ಎಲ್ಲವನ್ನೂ ಒಪ್ಪಿಸಿದ. ಕೆರೆಯಲ್ಲಿ ನಮ್ಮ ಮನೆಯ ಹಿರಿಯರಿಗೆಲ್ಲ ಕೊಟ್ಟು ಮುಗಿದ ಮೇಲೆ ಅಜ್ಜಿ, ಇನ್ನೊಬ್ಬ ಹಿರಿಯನಿದ್ದಾನಲ್ಲ ಎಂದಳಂತೆ. ಅಪ್ಪ ಕಚೇರಿಯಲ್ಲೂ ಪೂಜೆಯಲ್ಲೂ ನಿಯಮದ ಮನುಷ್ಯ. ಹೆಸರಿಲ್ಲ, ಗೋತ್ರವಿಲ್ಲ, ಹೇಗೆ ಕೊಡುವುದೆಂದು ಕೇಳಿದನಂತೆ. ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರವೇ ಅಲ್ಲವೇ, ಯಾರೂ ಇಲ್ಲದವರಿಗೆಂದೇ ಒಂದು ಮಂತ್ರವಿದೆಯಲ್ಲ, ಅದನ್ನು ಹೇಳು ಎಂದು ಅಜ್ಜಿಯ ಆಜ್ಞೆಯಾಯಿತು. ನಾವು ಊಂಧಿಯು ತಿನ್ನುತ್ತಿದ್ದಾಗ ಇವರು ತಂಬಿಗೆಯಲ್ಲಿ ನೀರು ತಂದು, ಟ್ರೆಂಚಿನ ಅಂಚಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತು, ಉಳಿದ ಎಳ್ಳನ್ನೆಲ್ಲ ನೀರಿನೊಂದಿಗೆ ಕೆಳಗಿನ ಬಲಗೈಯ ಹತ್ತಿರ ಬಿಟ್ಟಿದ್ದರು. ಮರಳು ಒಂದು ಕ್ಷಣದಲ್ಲಿ ಹೀರಿಕೊಂಡಿತಂತೆ. ಎಷ್ಟು ಬಾಯಾರಿದ್ದನೋ ಪಾಪ ಎಂದು ಅಜ್ಜಿ ಆಗ ಕಣ್ಣೊರೆಸಿಕೊಂಡಳಂತೆ.

ನನ್ನ ಸಂಶೋಧನೆಗೆ ನಿಜವಾಗಿ ಎಳ್ಳುನೀರು ಬಿಟ್ಟಿದ್ದರು. ನಾನು ಕೂಗಾಡಿದೆ. ಅಜ್ಜಿಗೆ ಅನ್ನಬಾರದ್ದನ್ನೆಲ್ಲ ಅಂದೆ. ಅನಕ್ಷರಸ್ಥೆ ಎಂದೂ ಅಂದೆ, ಅದನ್ನು ಮಾತ್ರ ಇಂದಿಗೂ ಮರೆತಿಲ್ಲ. ನಕ್ಷೆಯಲ್ಲಿ ಮೆತ್ತಗೆ ಬರೆದ ಆ ಇಲಿಯ ಬಿಲ ಕಣ್ಣ ಮುಂದೆ ಬಂದು ನಿಂತಾಗ ನನ್ನ ಮೇಲೆ ಬರಬೇಕಾದ ಸಿಟ್ಟೂ ಅವಳ ಮೇಲೆಯೇ ತಿರುಗಿತು. ಅವ್ವ ತಟ್ಟೆ ಹಾಕಿ ಕರೆದರೆ ಉಣ್ಣಲಿಲ್ಲ. ಕೊನೆಗೆ ಅವ್ವ ಹತ್ತಿರ ಬಂದು, ಇದು ನಮ್ಮ ನಾಲ್ಕು ಮಂದಿಗೆ ಮಾತ್ರ ಗೊತ್ತು, ಯಾರು ಹೇಳುತ್ತಾರೆ ಎಂದು ಮೆಲ್ಲಗೆ ಕೇಳಿದಳು. ಆ ಮಾತು ನನ್ನೊಳಗೂ ಒಂದು ಗಂಟೆಯಿಂದ ಓಡಾಡುತ್ತಿತ್ತು. ಸುಮ್ಮನಿದ್ದರೆ ಸಾಕಿತ್ತು, ಸುಳ್ಳು ಹೇಳಬೇಕಾದ್ದೂ ಇರಲಿಲ್ಲ.

ನಾನು ಮುಖ ತೊಳೆದು ಬಂದ ಮೇಲೆ ಅಜ್ಜಿ, ಇದರಿಂದ ನಿನ್ನ ಜಾಗ ಹೋಗುತ್ತದೆಯೇ ಎಂದು ಕೇಳಿದಳು. ಹೋಗುತ್ತದೆ ಎಂದೆ. ಅವಳು ನಂಬಿದಳು, ಅವಳ ಮುಖ ಕಪ್ಪಿಟ್ಟಿತು. ಎದ್ದು ಅಡುಗೆಮನೆಗೆ ಹೋಗಿ, ಡಬ್ಬಿಯಿಂದ ಒಂದು ಚಿಟಿಕೆ ಕರಿ ಎಳ್ಳು ತೆಗೆದು, ಕಾಗದದಲ್ಲಿ ಪೊಟ್ಟಣ ಕಟ್ಟಿ ತಂದು ನನ್ನ ಕೈಯಲ್ಲಿಟ್ಟಳು.

“ಅದ ಡಬ್ಬೀ ಎಳ್ಳು. ಎರಡೂ ಕೂಡಿಸಿ ನೋಡ್ರಿ ಅಂತ ನಿಮ್ಮ ಸರ್‌ಗೆ ಹೇಳು. ನಾ ಕೊಟ್ಟದ್ದು ನೀರು, ತಂಗಿ. ಸತ್ತವನ ಕೈಯಾಗ ಸುಳ್ಳು ಇಡಬ್ಯಾಡ.”

ಶನಿವಾರ ಸರ್ ಬಂದರು. ಹೊಸ ಡಬ್ಬಿ, ಹತ್ತಿ, ಎರಡು ಬಗೆಯ ಭೂತಗನ್ನಡಿ ಎಲ್ಲ ಹಿಡಿದುಕೊಂಡು, ಚಹಾ ಕುಡಿಯುವುದನ್ನೂ ಮರೆತು ನೇರ ಟ್ರೆಂಚಿಗೇ ಬಂದರು. ಅವರನ್ನು ಅಷ್ಟು ಖುಷಿಯಾಗಿ ನಾನು ಎಂದೂ ನೋಡಿರಲಿಲ್ಲ. ಇನ್ನು ತಡಮಾಡಿದರೆ ಹೇಳುವುದಿಲ್ಲವೆಂದು ಗೊತ್ತಿದ್ದರಿಂದ, ಪೊಟ್ಟಣ ಮುಂದೆ ಹಿಡಿದು, ಅರ್ಧ ಇಂಗ್ಲಿಷ್ ಅರ್ಧ ಹಿಂದಿಯಲ್ಲಿ ಒಂದೇ ಉಸಿರಿಗೆ ಎಲ್ಲ ಹೇಳಿದೆ.

ಸರ್ ಪೊಟ್ಟಣ ಬಿಚ್ಚಿದರು. ಬಿಳಿ ರಟ್ಟಿನ ಮೇಲೆ ಎರಡೂ ಎಳ್ಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಟ್ರೆಂಚಿನಲ್ಲಿ ಸಿಕ್ಕ ಒಂದು ಕಾಳನ್ನು ಉಗುರಿನಿಂದ ಒತ್ತಿ ಮೂಗಿನ ಹತ್ತಿರ ಹಿಡಿದರು, ಆಮೇಲೆ ನನ್ನ ಮೂಗಿನ ಹತ್ತಿರ. ಎಣ್ಣೆಯ ಹಸಿ ವಾಸನೆ ಬಡಿಯಿತು; ಸುಟ್ಟ ಕಾಳಿಗೆ ಅದು ಇರುವುದಿಲ್ಲ. ಅಷ್ಟು ಮಾಡಲು ನನಗೆ ಅರ್ಧ ನಿಮಿಷ ಸಾಕಿತ್ತು. ಮಾಡಿರಲಿಲ್ಲ, ಏಕೆಂದರೆ ಗೊತ್ತಾಗುವುದು ನನಗೆ ಬೇಕಿರಲಿಲ್ಲ.

ಆಮೇಲೆ ಅವರು ಪ್ರಶ್ನೆ ಶುರು ಮಾಡಿದರು. ತಂಬಿಗೆ ಎಷ್ಟು ದೊಡ್ಡದು, ಅಪ್ಪ ಯಾವ ಅಂಚಿನಲ್ಲಿ ನಿಂತಿದ್ದ, ನೀರು ಯಾವ ಕಡೆ ಹರಿಯಿತು. ಹೆಸರಿಲ್ಲದವನಿಗೆ ಹೇಗೆ ಕೊಟ್ಟರು ಎಂದೂ ಕೇಳಿದರು. ಕಾಶ್ಯಪ ಗೋತ್ರದ ಸಂಗತಿ ಹೇಳಿದಾಗ ಮೊದಲು ತುಟಿ ಅದುರಿತು, ಆಮೇಲೆ ಟ್ರೆಂಚಿನ ಗೋಡೆಗೆ ಒರಗಿ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ, ಅಳುತ್ತಲೇ. ಅಂದಿನಿಂದ ಕೂಲಿಯವರ ಬಾಯಲ್ಲಿ ಆ ಅಸ್ಥಿಪಂಜರ ಕಾಶ್ಯಪಭಾಯಿ ಆಯಿತು.

ಎಳ್ಳು ಸಿಕ್ಕದ್ದನ್ನು ಬರೆದಿದ್ದ ರಿಜಿಸ್ಟರಿನ ಆ ಪುಟ ಹರಿದುಬಿಡಲೇ ಎಂದು ಕೇಳಿದೆ. ಅದಕ್ಕೆ ಮಾತ್ರ ಅವರಿಗೆ ಸಿಟ್ಟು ಬಂತು. ಹರಿಯುವುದೂ ಇಲ್ಲ, ಹೊಡೆದುಹಾಕುವುದೂ ಇಲ್ಲ, ಕೆಳಗೆ ಬರೆಯಿರಿ ಎಂದು ಎದುರಿಗೇ ಕೂತು ಬರೆಸಿದರು. ಎಳ್ಳು, ಇಪ್ಪತ್ತಮೂರು ಕಾಳು, ಇಂದಿನದು. ಇಲಿಯ ಬಿಲದಿಂದ ಕೆಳಗೆ ಇಳಿದದ್ದು. ಇಟ್ಟವರು, ಅಗೆದವಳ ತಂದೆ. ಉದ್ದೇಶ ಎಂಬಲ್ಲಿ ನನ್ನ ಪೆನ್ನು ನಿಂತಿತು. ಏನು ಉದ್ದೇಶವೋ ಅದನ್ನೇ ಬರೆಯಿರಿ ಎಂದರು. ‘ನೀರು ಕೊಡುವುದು’ ಎಂದು ಬರೆದೆ. ನಕ್ಷೆಯಲ್ಲಿ ಬಿಲದ ಗೆರೆಯನ್ನು ಶಾಯಿಯಿಂದ ತಿದ್ದಿದೆ. ಸರ್ ಕೆಳಗೆ ಸಹಿ ಹಾಕಿ, ಚಹಾ ಕೇಳಿದರು.

ಸತ್ಯ ಹೇಳಿದ್ದಕ್ಕೆ ಜಾಗ ನನಗೇ ಸಿಕ್ಕಿತು ಎಂದು ಬರೆಯಲು ಕೈ ತುರಿಸುತ್ತದೆ. ಸಿಗಲಿಲ್ಲ. ಅದು ಆ ಹುಡುಗನಿಗೆ ಹೋಯಿತು. ಅವನ ನಕ್ಷೆಗಳು ನನ್ನವಕ್ಕಿಂತ ಚೆನ್ನಾಗಿದ್ದವು, ಅವನು ಇಲಿಯ ಬಿಲಗಳನ್ನು ಕಪ್ಪಗೆ ಬರೆಯುತ್ತಿದ್ದ. ಹಾಸ್ಟೆಲಿನಲ್ಲಿ ಎರಡು ದಿನ ಅತ್ತೆ. ಮುಂದಿನ ವರ್ಷ ಮತ್ತೆ ಜಾಗ ತೆರವಾಗಬಹುದು, ಅಲ್ಲಿಯ ತನಕ ಅಗೆತಗಳಲ್ಲಿ ಸಹಾಯಕಿಯಾಗಿ ಇರಬಹುದು, ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದರು ಸರ್. ಮನೆಯಲ್ಲಿ ಕೇಳುವುದೆಂದರೆ ಅಜ್ಜಿಯನ್ನು ಕೇಳುವುದು. ಅಷ್ಟೆಲ್ಲ ಅಂದುಬಂದ ಮೇಲೆ ಯಾವ ಮುಖದಿಂದ ಕೇಳಲಿ?

ಹೋದೆ. ಒಳಗೆ ಕಾಲಿಟ್ಟಾಗ ಏನು ಹೇಳಬೇಕೋ ತಿಳಿಯದೆ, ಅಂಗರಚನೆ ಬಲ್ಲವರೊಬ್ಬರು ಎಲುಬುಗಳನ್ನು ಪರೀಕ್ಷಿಸಿ ಹೋದ ಸುದ್ದಿ ಹೇಳಿದೆ. ಕಾಶ್ಯಪಭಾಯಿ ಗಂಡಸಲ್ಲವಂತೆ, ಹೆಂಗಸು. ವಯಸ್ಸಾದವಳು. ಮರಳು ಬೆರೆತದ್ದನ್ನು ಅಗಿದೂ ಅಗಿದೂ ಹಲ್ಲು ಸವೆದುಹೋಗಿವೆಯಂತೆ. ಕೂಲಿಯವರು ಈಗ ಕಾಶ್ಯಪಬೇನ್ ಅನ್ನುತ್ತಿದ್ದಾರೆ ಎಂದೆ.

ಅಜ್ಜಿ ತನ್ನ ಉಳಿದ ನಾಲ್ಕು ಹಲ್ಲಿನ ಮೇಲೆ ನಾಲಿಗೆ ಆಡಿಸಿಕೊಂಡಳು. ಮುದುಕಿಯೇನು ಎಂದು ಮತ್ತೊಮ್ಮೆ ಕೇಳಿದಳು. ಹೌದು ಎಂದೆ. ಗಂಡಸು ಎಂದು ನೀನು ಹೇಳಿದ್ದಕ್ಕೆ ಮಂತ್ರ ತಪ್ಪಾಯಿತಲ್ಲ ಎಂದು ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ಅಪ್ಪ ಕಚೇರಿಯಿಂದ ಬಂದ ಕೂಡಲೇ ತೀರ್ಪು ಕೊಟ್ಟಳು.

“ಬೆಳಗಾವ್ಯಾವ್ರಿಗೆ ಬ್ಯಾರೆ ಕಡೆ ನೋಡ್ಕೋರಿ ಅಂತ ಬರಿ. ಇನ್ನೂ ಎಷ್ಟ ಮಂದಿ ಹಂಗ ಬಿದ್ದಾರೋ ಏನೋ. ಯಾರರೆ ತಗೀಬೇಕಲ್ಲ.”

ನಾನು ಅವಳ ಕಾಲಿಗೆ ಬಿದ್ದೆ. ಹಿಂದಿನ ಸಲ ಅಂದ ಮಾತಿಗೆ ತಪ್ಪಾಯಿತು ಎಂದೆ. ಯಾವ ಮಾತು ಎಂದು ಕೇಳಿದಳು. ನಿಜಕ್ಕೂ ಮರೆತಿದ್ದಳೋ, ಮರೆತಂತೆ ಮಾಡಿದಳೋ, ನನಗೆ ಗೊತ್ತಾಗಲಿಲ್ಲ.

ಮುಂದಿನ ವರ್ಷ ಜಾಗ ಸಿಕ್ಕಿತು. ಅಜ್ಜಿ ಎಲ್ಲರೆದುರು, ನಮ್ಮ ಹುಡುಗಿ ದಿಕ್ಕಿಲ್ಲದವರನ್ನು ಹುಡುಕುವ ಕೆಲಸ ಮಾಡುತ್ತಾಳೆ ಎಂದು ಹೇಳತೊಡಗಿದಳು. ‘ಇತಿಹಾಸ’ ಎಂದು ಮಾತು ಮುಗಿಸುತ್ತಿದ್ದ ಅವ್ವ ಆಗೆಲ್ಲ ಒಳಗೆ ಎದ್ದುಹೋಗುತ್ತಿದ್ದಳು. ಆಮೇಲೆ ಮೂರು ವರ್ಷಕ್ಕೆ ಅಜ್ಜಿ ಹೋದಳು. ನಾನಾಗ ತಾಪಿ ನದಿ ಸಮುದ್ರ ಸೇರುವ ಹಜೀರಾದ ಕಡೆ ಅಗೆತದಲ್ಲಿದ್ದೆ. ತಂತಿ ಸೂರತ್ತಿಗೆ ಬಂದು, ಅಲ್ಲಿಂದ ಯಾರದೋ ಸೈಕಲ್ಲಿನಲ್ಲಿ ನನ್ನನ್ನು ಹುಡುಕಿಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಾವಿರಾರು ವರ್ಷದ ಹಿಂದಿನ ಮುದುಕಿಯನ್ನು ಬ್ರಶ್ಶು ಹಿಡಿದು ಅಷ್ಟು ನಾಜೂಕಾಗಿ ಮೇಲೆತ್ತಿದವಳಿಗೆ ತನ್ನ ಅಜ್ಜಿಯ ಮುಖ ಕೊನೆಗೆ ಒಂದು ಸಲ ನೋಡಲು ಸಿಗಲಿಲ್ಲ. ಇದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ.

ಮರುವರ್ಷದ ಸಂಕ್ರಾಂತಿಗೂ ನಾನು ಹಜೀರಾದ ಅಗೆತದಲ್ಲೇ ಇದ್ದೆ. ಹೆಣ್ಣುಮಕ್ಕಳು ತರ್ಪಣ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಮಂತ್ರವೂ ನನಗೆ ಬರದು. ಬೆಳಗ್ಗೆ ಸ್ನಾನ ಮಾಡಿ, ತಂಬಿಗೆಯಲ್ಲಿ ನೀರು, ಮನೆಯಿಂದ ತಂದ ಕರಿ ಎಳ್ಳು ತೆಗೆದುಕೊಂಡು, ಟ್ರೆಂಚಿನಿಂದ ಎಣಿಸಿ ನೂರು ಹೆಜ್ಜೆ ದೂರ ನಡೆದು, ಗಾಳಿ ಯಾವ ಕಡೆಗಿದೆ ಎಂದೂ ನೋಡಿಕೊಂಡು, ದಕ್ಷಿಣಕ್ಕೆ ಮುಖ ಮಾಡಿ ಬಿಟ್ಟೆ. ಅಜ್ಜಿಯ ಹೆಸರು, ಗೋತ್ರ ಎರಡೂ ಗೊತ್ತಿತ್ತು, ಗಟ್ಟಿಯಾಗಿ ಹೇಳಿದೆ. ಮರಳು ನೀರನ್ನು ಹೀರಿಕೊಂಡಿತು. ಡೇರೆಗೆ ಬಂದು ರಿಜಿಸ್ಟರು ತೆಗೆದು ಬರೆದೆ: ಎಳ್ಳು, ಕರಿ, ಒಂದು ಹಿಡಿ, ಇಂದಿನದು. ಇಟ್ಟವಳು, ಮೊಮ್ಮಗಳು. ಉದ್ದೇಶ, ನೀರು ಕೊಡುವುದು. ಸಂಜೆ ಸರ್ ಎಂದಿನಂತೆ ಪುಸ್ತಕ ತರಿಸಿಕೊಂಡು, ಸಾಲು ಸಾಲು ಓದಿ, ಪುಟದ ಕೆಳಗೆ ಸಹಿ ಹಾಕಿದರು.